ನಲವತ್ತೊಂದು ಪ್ರಾಣಿ, ಒಂದು ಸೂಜಿ

ಚಾಂದನಿ ಎರಡು ದಿನದಿಂದ ಗೋಡೆಗೆ ಹಣೆ ಒತ್ತಿಕೊಂಡು ನಿಂತಿತ್ತು. ಹುಲ್ಲು ಮುಟ್ಟಿರಲಿಲ್ಲ. ನೆನೆಸಿಟ್ಟ ಹುರುಳಿಯನ್ನು ಮೂಸಿಯೂ ನೋಡಿರಲಿಲ್ಲ. ಕಣ್ಣಿನ ಬಿಳಿಭಾಗ ಅರಿಸಿನ ಹಚ್ಚಿದಂತಾಗಿತ್ತು. ಉಚ್ಚೆ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿತ್ತು. ಒತ್ತಿ ಒತ್ತಿ ಹಣೆಯ ಚರ್ಮ ಕಿತ್ತುಬಂದಾಗ ಲಾಲ್‌ಸಾಬ್ ಗೋಡೆಗೂ ಕುದುರೆಗೂ ನಡುವೆ ತನ್ನ ಅಂಗೈ ಇಟ್ಟ. ಕುದುರೆ ಅಂಗೈಯನ್ನೇ ಗೋಡೆ ಅಂದುಕೊಂಡು ಒತ್ತಿತು. ಹೆಂಡತಿ ಗುಲ್ಜಾರ್‌ಬೀ ಗೋಣಿಚೀಲ ಮಡಚಿ ತಂದುಕೊಟ್ಟ ಮೇಲೆಯೇ ಅವನು ಕೈ ತೆಗೆದದ್ದು.

ಮೂರನೆಯ ದಿನ ಬೆಳಿಗ್ಗೆ ಅದು ಸುತ್ತು ಹಾಕಿ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಸತ್ತಿತು.

ಹೊನ್ನಾಳಿ, ನ್ಯಾಮತಿ ಕಡೆಯ ಎಷ್ಟೋ ಮದುಮಕ್ಕಳು ಒಂದು ಗಂಟೆಯ ಮಟ್ಟಿಗೆ ರಾಜರಾಗಿದ್ದು ಈ ಬಿಳಿ ಕುದುರೆಯ ಮೇಲೆ. ರಾಜ ಇಳಿದು ಊಟಕ್ಕೆ ಹೋದ ಮೇಲೆ ಲಾಲ್‌ಸಾಬ್ ಛತ್ರದ ಹಿಂಬಾಗಿಲಲ್ಲಿ ಎಲೆಗಾಗಿ ಕಾಯುತ್ತಿದ್ದ. ಮದುವೆ ಇಲ್ಲದ ದಿನಗಳಲ್ಲಿ ಮನೆ ನಡೆಸುತ್ತಿದ್ದವಳು ಗುಲ್ಜಾರ್‌ಬೀ. ಎರಡು ಕತ್ತೆಗಳ ಬೆನ್ನ ಮೇಲೆ ಸಾಸ್ವೆಹಳ್ಳಿಯ ಇಟ್ಟಿಗೆ ಗೂಡಿಗೆ ಮಣ್ಣು ಸಾಗಿಸುತ್ತಿದ್ದಳು. ಆ ಕತ್ತೆಗಳಿಗೆ ಏನೂ ಆಗಿರಲಿಲ್ಲ. ಮುಂದೆ ಇದೇ ಒಂದು ದೊಡ್ಡ ಸಾಕ್ಷಿಯಾಗಿ ಬಳಕೆಯಾಯಿತು, ಅವರ ವಿರುದ್ಧವಾಗಿ.

ಚಾಂದನಿ ಸಾಯುವುದಕ್ಕೆ ಏಳು ವಾರ ಮೊದಲು ಸವಳಂಗದಲ್ಲಿ ಒಂದು ಶಿಬಿರ ನಡೆದಿತ್ತು. ನಡೆಸಿದ್ದು ‘ಗೊರಸುಭಾಗ್ಯ ಟ್ರಸ್ಟ್’. ಅದರ ಅಧ್ಯಕ್ಷರು ಷಣ್ಮುಖಪ್ಪನವರು, ಪ್ರಾಣಿಗಳನ್ನು ಕಂಡರೆ ಅವರಿಗೆ ಕಣ್ಣೀರು ಬರುತ್ತಿತ್ತು. ಮುಂದೆ ಕ್ಯಾಮೆರಾ ಇದ್ದರೆ ಇನ್ನೂ ಬೇಗ ಬರುತ್ತಿತ್ತು. ಊರೂರಿಗೆ ಆಟೋ ಕಳಿಸಿ ಮೈಕಿನಲ್ಲಿ ಕೂಗಿಸಿದ್ದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯಿಂದ, ಅಷ್ಟು ದೂರದ ಜಗಳೂರಿನಿಂದಲೂ ಜನ ಬಂದರು. ಚಾಂದನಿಯೂ ಗುಲ್ಜಾರ್‌ಬೀಯ ಎರಡು ಕತ್ತೆಗಳೂ ಸೇರಿ ಹತ್ತೊಂಬತ್ತು ಕುದುರೆ, ಇಪ್ಪತ್ತೆರಡು ಕತ್ತೆ. ಕುದುರೆಗಳ ಕೊರಳಿಗೆ ಚೆಂಡುಹೂವಿನ ಹಾರ ಹಾಕಿದರು. ಕತ್ತೆಗಳಿಗೆ ಹಾರ ಸಾಲಲಿಲ್ಲ. ವೇದಿಕೆಯ ಮೇಲೆ ಭಾಷಣ ಎರಡು ತಾಸು ನಡೆಯಿತು, ಕೆಳಗೆ ಇಂಜೆಕ್ಷನ್ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಧನುರ್ವಾಯು ಬಾರದಂತೆ ಕೊಡುವ ಔಷಧ ಅಂದರು. ಇಪ್ಪತ್ತು ನಿಮಿಷದಲ್ಲಿ ಹೇಗೆ ಮುಗಿಯಿತೆಂದು ಯಾರೂ ಕೇಳಲಿಲ್ಲ. ಪುಕ್ಕಟೆ ಸಿಕ್ಕಿದ್ದನ್ನು ಪ್ರಶ್ನೆ ಮಾಡಬಾರದೆಂದು ಬಡವರಿಗೆ ಎಷ್ಟು ಚೆನ್ನಾಗಿ ಕಲಿಸಿಟ್ಟಿದ್ದಾರೆ.

ಕುದುರೆ ಸತ್ತ ಸುದ್ದಿ ತಲುಪಿದ ದಿನವೇ ಟ್ರಸ್ಟಿನ ಜೀಪು ಸಾಸ್ವೆಹಳ್ಳಿಗೆ ಬಂತು. ಬದುಕಿದ್ದಾಗ ಮೂರು ಸಲ ಫೋನ್ ಮಾಡಿದರೂ ಬಾರದ ಜೀಪು ಅದು. ಇಳಿದವಳು ಟ್ರಸ್ಟಿನ ಡಾಕ್ಟರು ಕಾವ್ಯಶ್ರೀ. ಓದು ಮುಗಿಸಿ ಎರಡು ವರ್ಷವಾಗಿರಲಿಲ್ಲ. ಬೇವಿನ ಮರದ ಕೆಳಗೆ ಅವಳು ಕುದುರೆಯ ಹೊಟ್ಟೆ ಕೊಯ್ದಳು. ಲಾಲ್‌ಸಾಬ್ ಅತ್ತ ತಿರುಗಿ ನಿಂತ. ಗುಲ್ಜಾರ್‌ಬೀ ಮಾತ್ರ ನೀರಿನ ಕೊಡ ಹಿಡಿದು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಪಿತ್ತಜನಕಾಂಗ, ಹಳ್ಳಿಯವರ ಮಾತಿನ ಈಲಿ, ಕುಗ್ಗಿಹೋಗಿತ್ತು. ಕೈಯಲ್ಲಿ ಎತ್ತಿದರೆ ನೆಂದ ಬಟ್ಟೆಯಂತೆ ಜೋತುಬಿತ್ತು. ಕಾವ್ಯಶ್ರೀ ಅದನ್ನೇ ನೋಡುತ್ತ ಬಹಳ ಹೊತ್ತು ಕೂತಳು. ಆಮೇಲೆ ಶಿಬಿರಕ್ಕೆ ಬಂದು ಎಷ್ಟು ವಾರವಾಯಿತೆಂದು ಕೇಳಿದಳು. ಏಳು ಅಂದಳು ಗುಲ್ಜಾರ್‌ಬೀ. ಡಾಕ್ಟರು ಈಲಿಯ ಎರಡು ಚೂರು ಸೀಸೆಗೆ ಹಾಕಿಕೊಂಡು ಹೋದಳು.

ಮುಂದಿನ ಹದಿನೈದು ದಿನದಲ್ಲಿ ಇನ್ನೂ ಐದು ಕುದುರೆ ಸತ್ತವು. ಚನ್ನಗಿರಿ ಕಡೆ ಎರಡು, ನ್ಯಾಮತಿ ಕಡೆ ಎರಡು, ಜಗಳೂರಿನಲ್ಲಿ ಬೋರಣ್ಣನದು ಒಂದು. ಎಲ್ಲಕ್ಕೂ ಹಳದಿ ಕಣ್ಣು, ಎಲ್ಲಕ್ಕೂ ಗೋಡೆಗೆ ಒತ್ತಿದ ಹಣೆ.

ಷಣ್ಮುಖಪ್ಪನವರಿಗೆ ಬಹಳ ನೋವಾಯಿತು. ನೋವಾದ ಕೂಡಲೇ ಅವರು ಮಾಡಿದ ಮೊದಲ ಕೆಲಸವೆಂದರೆ ಲಾಲ್‌ಸಾಬನ ಮೇಲೆ ಪೊಲೀಸರಿಗೆ ದೂರು ಕೊಟ್ಟದ್ದು. ಹೊಟ್ಟೆಗೆ ಹಾಕದೆ, ಮಿತಿಮೀರಿ ದುಡಿಸಿ, ಮೂಕಪ್ರಾಣಿಯನ್ನು ಕೊಂದಿದ್ದಾನೆ ಎಂಬುದು ದೂರು. ಹಣೆಯ ಗಾಯದ ಫೋಟೋ ಜೊತೆಗಿತ್ತು. ಹೊಡೆದ ಗಾಯವೆಂದು ಅದರ ಕೆಳಗೆ ಬರೆದಿತ್ತು.

ಲಾಲ್‌ಸಾಬ್ ಹೆಂಡತಿಯನ್ನು ಕರೆದುಕೊಂಡು ಟ್ರಸ್ಟಿನ ಆಫೀಸಿಗೆ ಹೋದ. ಷಣ್ಮುಖಪ್ಪನವರು ಕೂರಿಸಿ ಚಹಾ ತರಿಸಿದರು. ದೇಣಿಗೆ ಕೊಡುವ ದೂರದ ಕಂಪನಿಯವರು ಆರು ಕುದುರೆ ಏಕೆ ಸತ್ತವೆಂದು ಕೇಳುತ್ತಾರೆ, ಏನಾದರೊಂದು ಕಾರಣ ತೋರಿಸಲೇಬೇಕಲ್ಲ ಎಂದು ತಿಳಿಯಹೇಳಿದರು. ಇಂಜೆಕ್ಷನ್ನಿಂದ ಸತ್ತಿದ್ದರೆ ಕತ್ತೆಗಳೂ ಸಾಯಬೇಕಿತ್ತು. ಅವು ಬದುಕಿವೆ. ಅಂದಮೇಲೆ ತಪ್ಪು ಔಷಧದ್ದಲ್ಲ, ಕುದುರೆ ಸಾಕಿದವರದ್ದು. ಎಷ್ಟು ಸರಳವಾದ ಲೆಕ್ಕ.

“ಕೋರ್ಟಿನಾಗೆ ತಪ್ಪಾತು ಅಂದುಬಿಡು ಲಾಲ್‌ಸಾಬ್. ದಂಡ ನಾನೇ ಕಟ್ಟಿಸ್ತೀನಿ. ಒಂದೇ ದಿನದಾಗೆ ಮುಗೀತೈತೆ.”

ಲಾಲ್‌ಸಾಬ್ ತಲೆ ತಗ್ಗಿಸಿ ಕೂತಿದ್ದ. ಒಪ್ಪಿಕೊಳ್ಳುವ ಹಾಗೇ ಕಂಡ. ಗುಲ್ಜಾರ್‌ಬೀ ಚಹಾ ಮುಟ್ಟಿರಲಿಲ್ಲ.

“ಮುಗಿಯೋದು ನಿಮಗೆ ಸಾಹೇಬ್ರೆ,” ಅಂದಳು. “ಕುದುರೆ ಕೊಂದ ಸಾಬ ಅಂತ ಹೆಸರು ಬಂದ್ರೆ, ಆಮ್ಯಾಲೆ ನಮ್ಮನ್ನ ಯಾರು ಮದುವೆಗೆ ಕರೀತಾರೆ?”

ಸಾಹೇಬರು ಮೂಕಪ್ರಾಣಿಗಳ ಮೇಲಿನ ಕರುಣೆಯ ಬಗ್ಗೆ ಸ್ವಲ್ಪ ಮಾತಾಡಿ ಅವರನ್ನು ಕಳಿಸಿಕೊಟ್ಟರು.

ಮನೆಗೆ ಬಂದ ಮೇಲೆ ಗಂಡ ಹೆಂಡತಿಗೆ ಜಗಳವಾಯಿತು. ದೊಡ್ಡವರ ಜೊತೆ ಏಗಲಾಗುವುದಿಲ್ಲ, ಒಪ್ಪಿಕೊಂಡು ಸುಮ್ಮನಿರೋಣ ಎಂದು ಅವನು. ಆ ಮೂರು ದಿನ ನಿದ್ದೆ ಬಿಟ್ಟು ಕುದುರೆಯ ಪಕ್ಕ ಕೂತವನು ಯಾರು ಎಂದು ಅವಳು. ಅವನು ಎದ್ದು ಹೋಗಿ ಕುದುರೆಯಿಲ್ಲದ ಕೊಟ್ಟಿಗೆಯನ್ನು ಗುಡಿಸಿದ.

ಮರುವಾರ ಕಾವ್ಯಶ್ರೀ ಬಂದಳು. ಈ ಸಲ ಜೀಪಿಲ್ಲ, ಬಸ್ಸಿನಲ್ಲಿ. ಕೈಯಲ್ಲೊಂದು ಕಾಗದ. ಪ್ರಯೋಗಾಲಯದ ವರದಿ ಬಂದಿತ್ತು. ಷಣ್ಮುಖಪ್ಪನವರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಮೊದಲೇ ಅವಳು ಒಂದು ಜೆರಾಕ್ಸ್ ಮಾಡಿಸಿಕೊಂಡಿದ್ದಳು. ಆ ತಪ್ಪಿಗೆ ಕೆಲಸ ಹೋಗಿತ್ತು. ಶಿಸ್ತಿನ ವಿಷಯದಲ್ಲಿ ಟ್ರಸ್ಟು ಬಹಳ ಕಟ್ಟುನಿಟ್ಟು, ಸೂಜಿಯ ವಿಷಯದಲ್ಲಿ ಮಾತ್ರ ಸ್ವಲ್ಪ ಸಡಿಲ.

ಅವಳು ಚಾಪೆಯ ಮೇಲೆ ಕೂತು ವಿವರಿಸಿದಳು. ಈಲಿ ತಿನ್ನುವ ಒಂದು ವೈರಸ್ ಇದೆ. ಆ ಇಂಜೆಕ್ಷನ್ನು ಕುದುರೆಯ ರಕ್ತದಿಂದಲೇ ಮಾಡುವ ಔಷಧ. ರಕ್ತ ಕೊಟ್ಟ ಕುದುರೆಯಲ್ಲಿ ಆ ವೈರಸ್ ಇದ್ದು, ಸರಿಯಾಗಿ ಪರೀಕ್ಷೆ ಮಾಡದಿದ್ದರೆ ಔಷಧದಲ್ಲೂ ಬರಬಹುದು. ಒಂದು ಪ್ರಾಣಿಗೆ ಚುಚ್ಚಿದ ಸೂಜಿಯನ್ನೇ ಇನ್ನೊಂದಕ್ಕೆ ಚುಚ್ಚಿದರೂ ದಾಟಬಹುದು. ಕೂಡಲೇ ಕಾಣಿಸುವುದಿಲ್ಲ, ವಾರಗಟ್ಟಲೆ ಒಳಗೇ ಇರುತ್ತದೆ. ಹೊಕ್ಕವೆಲ್ಲ ಸಾಯುವುದೂ ಇಲ್ಲ. ಕತ್ತೆಗಳ ಒಳಗೂ ಹೊಕ್ಕಿದ್ದು ಹೊರಗೆ ತೋರದೇ ಇರಬಹುದು. ಚಾಂದನಿಯ ಈಲಿಯಲ್ಲಿ ಆ ವೈರಸ್ ಸಿಕ್ಕಿದೆ.

ಗುಲ್ಜಾರ್‌ಬೀ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದಳು. “ಅವತ್ತು ಎಷ್ಟು ಸೂಜಿ ಇದ್ವು ಡಾಕ್ಟ್ರಮ್ಮ?”

ಕಾವ್ಯಶ್ರೀ ಅಂಗಳದಲ್ಲಿ ಕಟ್ಟಿದ ಕತ್ತೆಗಳ ಕಡೆ ನೋಡಿದಳು.

“ಒಂದು. ನಾನೇ ಚುಚ್ಚಿದ್ದು ಗುಲ್ಜಾರಮ್ಮ. ಬೇರೆ ಸೂಜಿ ಕೇಳ್ದೆ. ಅತಿಥಿಗಳು ಕಾಯ್ತಾ ಅವ್ರೆ, ಮೊದ್ಲು ಚುಚ್ಚು ಅಂದ್ರು ಅಧ್ಯಕ್ಷರು. ಚುಚ್ಚಿದೆ.”

ಲಾಲ್‌ಸಾಬ್ ಎದ್ದು ಹೊರಗೆ ಹೋದ. ಕಾವ್ಯಶ್ರೀ ಹೋಗಲು ಎದ್ದಾಗ ಗುಲ್ಜಾರ್‌ಬೀ ಕೈ ಹಿಡಿದು ಕೂರಿಸಿ ರೊಟ್ಟಿ ಹಾಕಿದಳು. ಆದರೆ ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ಈ ಮಾತನ್ನು ಇಲ್ಲಿ ಹೇಳಿದರೆ ಸಾಲದು, ಕೇಳುವ ಜಾಗದಲ್ಲಿ ಹೇಳಬೇಕು ಅಂದಳು. ಕಾವ್ಯಶ್ರೀ ಹೂಂ ಅಂದಳು.

ಮರುದಿನದಿಂದ ಗುಲ್ಜಾರ್‌ಬೀ ಇಟ್ಟಿಗೆ ಗೂಡಿಗೆ ರಜೆ ಹಾಕಿ ಬಸ್ಸು ಹತ್ತಿದಳು. ಜೆರಾಕ್ಸ್ ಕಾಗದ ಸೆರಗಿನೊಳಗೆ. ಸವಳಂಗದಲ್ಲಿ ಕತ್ತೆ ಸಾಕುವ ಭೀಮಕ್ಕನನ್ನು ಕಂಡಳು. ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲಿ ನಿಂಗರಾಜನನ್ನು ಕಂಡಳು. ಅವನ ಕುದುರೆಯೂ ಸತ್ತಿತ್ತು, ಬಿಸಿಲು ತಾಗಿ ಸತ್ತಿತೆಂದು ಟ್ರಸ್ಟಿನವರು ಒಂದು ಹಾಳೆಗೆ ಸಹಿ ಹಾಕಿಸಿಕೊಂಡಿದ್ದರು. ಸತ್ತಾಗ ಮಳೆಗಾಲ. ಜಗಳೂರಿನ ಬೋರಣ್ಣ ತನ್ನ ಕುದುರೆಗೆ ದೃಷ್ಟಿ ತಾಗಿತೆಂದು ನಂಬಿ, ಪಕ್ಕದ ಮನೆಯವರ ಜೊತೆ ಮಾತು ಬಿಟ್ಟಿದ್ದ. ಗುಲ್ಜಾರ್‌ಬೀ ಕಾಗದದಲ್ಲಿದ್ದುದನ್ನು ಬಾಯಲ್ಲೇ ಒಪ್ಪಿಸಿದಳು. ಅಷ್ಟು ಊರು ತಿರುಗುವಷ್ಟರಲ್ಲಿ ಅವಳಿಗೆ ಅದು ಬಾಯಿಪಾಠವಾಗಿತ್ತು. ಕೇಳಿದ ಬೋರಣ್ಣ ಎದ್ದು ಪಕ್ಕದ ಮನೆಗೆ ಹೋಗಿ ಬಾಗಿಲು ತಟ್ಟಿ ಬಂದ. ಆಮೇಲೆ, ಕೋರ್ಟಿನ ತಾರೀಖು ಯಾವತ್ತು ಅಂತ ಕೇಳಿದ.

ಈ ನಡುವೆ ಷಣ್ಮುಖಪ್ಪನವರಿಗೆ ಒಂದು ಸನ್ಮಾನವಾಯಿತು. ನಲವತ್ತೊಂದು ಪ್ರಾಣಿಗಳ ಜೀವ ಉಳಿಸಿದ್ದಕ್ಕೆ ಅಂತ ಫಲಕದಲ್ಲಿ ಕೆತ್ತಿಸಿದ್ದರು. ಅದರಲ್ಲಿ ಆರು ಕಳೆಯಬೇಕೆಂಬುದು ಕೆತ್ತುವವನಿಗೆ ತಿಳಿದಿರಲಿಲ್ಲ.

ತಾರೀಖಿನ ದಿನ ಹೊನ್ನಾಳಿಯ ಕೋರ್ಟಿನ ಹೊರಗಿನ ಬೆಂಚುಗಳು ತುಂಬಿಹೋದವು. ಲಾಲ್‌ಸಾಬ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಡುವೆ ಕೂತಿದ್ದ. ಸುತ್ತ ಗುಲ್ಜಾರ್‌ಬೀ, ಭೀಮಕ್ಕ, ನಿಂಗರಾಜ, ಬೋರಣ್ಣ, ಚನ್ನಗಿರಿ-ನ್ಯಾಮತಿಯ ಇನ್ನೂ ಐದು ಮಂದಿ. ತುದಿಯಲ್ಲಿ ಕಾವ್ಯಶ್ರೀ. ಷಣ್ಮುಖಪ್ಪನವರ ವಕೀಲರು ಬಂದು ಲಾಲ್‌ಸಾಬನ ಕಿವಿಯಲ್ಲಿ, ತಪ್ಪಾತು ಅನ್ನು, ಒಂದೇ ಶಬ್ದ, ಎಂದು ಹೇಳಿ ಹೋದರು.

ಜವಾನ ಈ ಗುಂಪು ನೋಡಿ ಬಂದ. ಇಷ್ಟು ಜನ ಯಾಕೆ, ನೀವೆಲ್ಲ ಸಾಕ್ಷಿಗಳೇನು ಎಂದು ವಿಚಾರಿಸಿದ.

“ಅಲ್ರೀ,” ಅಂದ ಬೋರಣ್ಣ. “ನಾವೂ ಆರೋಪಿಗಳೇ. ನಂದೂ ಕುದುರೆ ಹಿಂಗೇ ಸತ್ತೈತೆ. ದುಡಿಸಿದ್ದು ತಪ್ಪಾದ್ರೆ ನನ್ನ ಹೆಸರೂ ಬರ್ಕೊಳ್ರಿ.”

“ನಂದು ಕತ್ತೆ, ಸತ್ತಿಲ್ಲ,” ಅಂದಳು ಭೀಮಕ್ಕ. “ಆದ್ರೂ ದುಡಿಸೀನಿ. ಬರ್ಕೊಳ್ರಿ.”

ಕಾವ್ಯಶ್ರೀ ಎದ್ದು ನಿಂತಳು. “ಸೂಜಿ ಚುಚ್ಚಿದೋಳು ನಾನು. ನನ್ನ ಹೆಸರು ಮೊದ್ಲು ಬರೀರಿ.”

ಇಷ್ಟು ಜನ ತಾವಾಗಿ ಬಂದು ಆರೋಪಿಗಳಾಗಲು ಹಟ ಹಿಡಿದದ್ದನ್ನು ಜವಾನ ತನ್ನ ಸರ್ವಿಸಿನಲ್ಲಿ ನೋಡಿರಲಿಲ್ಲ. ಹೆಸರು ಬರೆದುಕೊಳ್ಳುವುದು ತನ್ನ ಕೆಲಸವಲ್ಲ ಎಂದ. ಹಾಗಾದರೆ ಯಾರ ಕೆಲಸವೋ ಅವರನ್ನೇ ಕೇಳುತ್ತೇವೆ ಅಂದಳು ಗುಲ್ಜಾರ್‌ಬೀ. ವಕೀಲರು ಫೋನ್ ಹಿಡಿದು ಮೆಟ್ಟಿಲ ಕಡೆ ಓಡಿದರು.

ಒಳಗೆ ಗಂಟೆ ಹೊಡೆಯಿತು. ಜವಾನ ಬಾಗಿಲಲ್ಲಿ ನಿಂತು ಲಾಲ್‌ಸಾಬನ ಹೆಸರನ್ನು ಮೂರು ಸಲ ಕೂಗಿದ.

ಹನ್ನೊಂದು ಮಂದಿ ಎದ್ದರು.