ಗೋಲ್‌ಕೀಪರ್ ಚಿಷಿಂಬನ ಕಣ್ಣು

ಸತ್ತವನ ಹಸಿರು ಜೆರ್ಸಿಯನ್ನು ತಲೆಯ ಮೇಲಿಂದ ಎಳೆದುಕೊಳ್ಳುವಾಗ ಮುದುಕ ಜೆರೆಯ ಕಿವಿ ಕಾಲರಿನಲ್ಲಿ ಸಿಕ್ಕಿಹಾಕಿಕೊಂಡಿತು. ಅಂಗಳದಲ್ಲಿ ಬೆಂಕಿಯ ಸುತ್ತ ಕೂತಿದ್ದ ಗಂಡಸರು ನಗತೊಡಗಿದರು.

"ಇಲಿ ತಿಂದೂ ತಿಂದೂ ತಲೆ ಊದಿದೆ, ಅದೆಲ್ಲಿ ಹಿಡಿಸ್ತದೆ," ಅಂದ ಸತ್ತವನ ತಮ್ಮ ಕಪಾಸ.

"ಕೋತಿ ತಿನ್ನೋರ ಬಟ್ಟೆ ಅಲ್ವೇನಯ್ಯ. ಮನುಷ್ಯರ ಅಳತೆಗೆ ಹೊಲಿದಿಲ್ಲ," ಅಂದ ಜೆರೆ, ಕಿವಿ ಬಿಡಿಸಿಕೊಳ್ಳುತ್ತ.

ಬೆಂಬಾ ಬುಡಕಟ್ಟಿನವರ ಮನೆಯಲ್ಲಿ ಸಾವಾದರೆ, ಹಿಂದೊಂದು ಕಾಲಕ್ಕೆ ಅವರೊಡನೆ ಕಾದಾಡಿದ್ದ ಅಂಗೋನಿ ಬುಡಕಟ್ಟಿನವರು, ಜೆರೆಯಂಥವರು, ಬರಬೇಕು. ಸತ್ತವನ ಬಟ್ಟೆ ತೊಟ್ಟು, ಅವನ ಹಾಗೇ ನಡೆದು, ಕೆಮ್ಮಿ, ಅವನನ್ನು ಚೆನ್ನಾಗಿ ಆಡಿಕೊಳ್ಳಬೇಕು. ಇಲಿ ತಿನ್ನೋರು, ಕೋತಿ ತಿನ್ನೋರು ಎಂದು ಎರಡೂ ಕಡೆಯವರು ಜರೆದುಕೊಂಡರೂ ಯಾರೂ ಸಿಟ್ಟಾಗುವ ಹಾಗಿಲ್ಲ. ಮನೆಯವರನ್ನು ನಗಿಸದೆ ಹೆಣ ಎತ್ತಲು ಬಿಟ್ಟ ಅಂಗೋನಿ ಗಣಿಯೂರು ಲುವಾನ್ಷ್ಯದ ಬೀದಿಯಲ್ಲಿ ಮತ್ತೆ ತಲೆಯೆತ್ತಿ ಓಡಾಡುವುದು ಕಷ್ಟ.

ಬೆಳಗಿನಿಂದ ಜೆರೆ ತನ್ನ ಕೆಲಸದಲ್ಲಿ ಕೊರತೆ ಮಾಡಿರಲಿಲ್ಲ. ಸತ್ತ ಗೋಲ್‌ಕೀಪರ್ ಚಿಷಿಂಬ ಒಂದೇ ಒಂದು ಸಲ ದೇಶದ ಫುಟ್‌ಬಾಲ್ ತಂಡಕ್ಕೆ ಆಯ್ಕೆಯಾಗಿ, ಪಂದ್ಯಾವಳಿ ಪೂರ್ತಿ ಬೆಂಚಿನ ಮೇಲೆ ಕೂತು ಬಂದಿದ್ದ. ಆಮೇಲೆ ಅಲ್ಲಿ ಕೊಟ್ಟ ಟ್ರ್ಯಾಕ್‌ಸೂಟನ್ನು ಇಪ್ಪತ್ತು ವರ್ಷ ಕಂಡವರ ಮದುವೆಗೆಲ್ಲ ಹಾಕಿಕೊಂಡು ಹೋದ. ಆ ನಡಿಗೆಯನ್ನು ಜೆರೆ ಮಾಡಿ ತೋರಿಸಿದ. ಗಣಿಯ ಲಿಫ್ಟ್ ಓಡಿಸುತ್ತಿದ್ದ ಚಿಷಿಂಬ, ಕೆಳಗಿಳಿಯುವ ಪ್ರತಿಯೊಬ್ಬನಿಗೂ ಹಿಂದಿನ ದಿನದ ಪಂದ್ಯದ ವರದಿ ಒಪ್ಪಿಸದೆ ಗುಂಡಿ ಒತ್ತುತ್ತಿರಲಿಲ್ಲ. ಅದನ್ನೂ ಮಾಡಿದ. ಪಾದ್ರಿಯೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗದೆ ಇದ್ದವಳು ಒಬ್ಬಳೇ. ಚಿಷಿಂಬನ ಹೆಂಡತಿ ಒಳಗೆ ಗೋಡೆಗೊರಗಿ, ಕಾಲು ಚಾಚಿ, ನೆಲದ ಮೇಲೆ ಕೂತಿದ್ದಳು. ಎರಡು ದಿನದಿಂದ ಅಳುವೂ ಇಲ್ಲ, ಮಾತೂ ಇಲ್ಲ.

ಮಗಳು ಕಸೊಂಡೆ ಹೊರಗೆ ಬಂದಳು. "ಮಾಮ, ಹನ್ನೆರಡಕ್ಕೆ ಎತ್ತಬೇಕಂತೆ. ಅವ್ವನ ಬಾಯಿಗೆ ಒಂದು ತುತ್ತು ಹೋಗಿಲ್ಲ. ಹಿಂಗೇ ಬಂದ್ರೆ ಗುಂಡಿ ಹತ್ರ ಬಿದ್ದುಹೋಗ್ತಾಳೆ."

"ಇದ್ದಬದ್ದ ಗೇಲಿಯೆಲ್ಲ ಖರ್ಚಾಯ್ತು ಕಣವ್ವ."

"ಏನಾದ್ರೂ ಮಾಡು. ನಿನ್ನ ಬಿಟ್ರೆ ಯಾರಿದಾರೆ?"

ಒಂದು ಉಳಿದಿತ್ತು. ಆದರೆ ಅದು ಗೇಲಿಯಲ್ಲ, ನಿಜ. ಅದಕ್ಕೇ ಜೆರೆಗೆ ಭಯ.

*

ಎರಡು ಗಣಿಗಳ ತಂಡಗಳ ನಡುವೆ ಫೈನಲ್. ಜೆರೆಗೆ ಆಗ ಇಪ್ಪತ್ತಾರು. ಚಿಷಿಂಬನ ಎದುರಾಳಿ ತಂಡದ ಸ್ಟ್ರೈಕರ್. ಕೊನೆಯ ನಿಮಿಷದಲ್ಲಿ ಪೆನಾಲ್ಟಿ ಸಿಕ್ಕಿತು.

ಚಿಷಿಂಬ ಎರಡೂ ಕಂಬ ಮುಟ್ಟಿ ಬಂದು, ಕೈ ಅಗಲಿಸಿ ನಿಂತು, ನುಂಗುವವನ ಹಾಗೆ ದುರುಗುಟ್ಟಿದ. ಜೆರೆ ಓಡಿಬಂದ. ಕೊನೆಯ ಹೆಜ್ಜೆಯಲ್ಲಿ ತಲೆ ಎತ್ತಿ ನೋಡಿದರೆ, ಆಟದ ನಡುವೆ ಹದ್ದಿನ ಹಾಗೆ ನೋಡುತ್ತಿದ್ದ ಆ ಮಹಾನುಭಾವ ಸೂಜಿ ಚುಚ್ಚಿಸಿಕೊಳ್ಳುವ ಮಗುವಿನಂತೆ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ. ಜೆರೆಯ ಕಾಲು ತಬ್ಬಿಬ್ಬಾಯಿತು. ಚೆಂಡು ಹಾರಿ ಚಿಷಿಂಬನ ಮೊಣಕೈಗೆ ಬಡಿದು ಆಚೆ ಹೋಯಿತು. ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಹೊಡೆಯುವವನ ಕಣ್ಣು ಓದಿಯೇ ಚೆಂಡು ಹಿಡಿಯುತ್ತಾನೆ ಎಂದು ಪೇಪರಿನವರು ಬರೆದರು. ಊರು ನಂಬಿತು.

ಆ ಸಂಜೆ ಬಿಯರ್ ಅಂಗಡಿಯಲ್ಲಿ ಚಿಷಿಂಬ ಜೆರೆಯ ಮುಂದೆ ಒಂದು ಮಗ್ ತಂದಿಟ್ಟ.

"ಯಾರಿಗಾದ್ರೂ ಹೇಳಿದ್ಯಾ?"

"ಹೇಳಿದ್ರೆ ಮಾನ ಹೋಗೋದು ನಂದು ಕಣೋ."

"ಹಂಗಾದ್ರೆ ಕುಡಿ."

ಅಲ್ಲಿಂದ ನಲವತ್ತೈದು ವರ್ಷದ ಗೆಳೆತನ. ಮುಂದೆ ಅವನೆದುರು ಇನ್ನೂ ಆರು ಪೆನಾಲ್ಟಿ ಹೊಡೆದ ಜೆರೆ. ಆರಕ್ಕೆ ಆರೂ ವ್ಯರ್ಥವಾದವು. ಆ ಮುಚ್ಚಿದ ಮುಖ ಕಂಡರೆ ಸಾಕು, ಹೊಟ್ಟೆಯಲ್ಲಿ ನಗು ಎದ್ದು ಕಾಲು ಸೋಲುತ್ತಿತ್ತು. ಮುದುಕನಾದ ಮೇಲೆ ಚಿಷಿಂಬ ಕೇರಿಯ ಮಕ್ಕಳಿಗೆಲ್ಲ ಆಟ ಕಲಿಸಿದ. ಅವನು ಕಲಿಸಿದ ಮೊದಲ ಪಾಠ, ಏನೇ ಬರಲಿ ಕಣ್ಣು ಮುಚ್ಚಬೇಡ.

*

ಜೆರೆ ಒಳಗೆ ಹೋಗಿ ಹೆಂಗಸರ ನಡುವೆ ನಿಂತ. ಕೈ ಅಗಲಿಸಿದ. ದುರುಗುಟ್ಟಿದ. ಆಮೇಲೆ ಮುಖ ಕಿವುಚಿ ಕಣ್ಣು ಮುಚ್ಚಿಕೊಂಡ.

"ಕಸೊಂಡೆಯ ಅವ್ವ, ನಿನ್ನ ಗಂಡ ಪೆನಾಲ್ಟಿಗೆ ಹಿಂಗೆ ನಿಲ್ತಿದ್ದ. ಪ್ರತೀ ಸಲ. ಅವನು ಯಾರ ಕಣ್ಣೂ ಓದಿಲ್ಲ."

ಯಾರೂ ನಗಲಿಲ್ಲ. ಹೆದರಿಕೆಗೆ ಜೆರೆ ಕಣ್ಣು ತೆರೆಯಲೂ ಇಲ್ಲ.

"ಗೇಲಿಗೂ ಒಂದು ಮಿತಿ ಇರ್ಲಿ," ಅಂದಳು ಚಿಷಿಂಬನ ಅಕ್ಕ. "ಸತ್ತವನ ಹೆಸರಿಗೆ ಸುಳ್ಳು ಕಟ್ಟಬೇಡ."

"ಸುಳ್ಳಲ್ಲ," ಎಂದು ಬಾಗಿಲಿಂದ ದನಿ ಬಂತು. ಇನ್ನೊಂದು ಗಣಿ ತಂಡದ ಹಳೆಯ ಸ್ಟ್ರೈಕರ್ ಸಿಮುಕೊಂಡ, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. "ನಾನೂ ನೋಡಿದೀನಿ. ನಾನೊಬ್ನೇ ನೋಡಿದ್ದು ಅಂದ್ಕೊಂಡಿದ್ದೆ."

ಅವನ ಹಿಂದಿದ್ದ ಇನ್ನಿಬ್ಬರು ಮುದುಕರೂ ನೆಲ ನೋಡುತ್ತ ತಲೆಯಾಡಿಸಿದರು.

"ನಂಗೊತ್ತಿತ್ತು," ಎಂದಳು ಗೋಡೆಗೊರಗಿದ್ದವಳು.

ಎರಡು ದಿನ ಆಡದ ಗಂಟಲು ಕರಕರ ಅಂತಿತ್ತು. ಎಲ್ಲರೂ ತಿರುಗಿದರು.

"ಗೋಲಿನ ಹಿಂದೇನೇ ಕೂತು ನೋಡ್ತಿದ್ದೆ. ಭುಜ ಕಿವಿಗೆ ಏರಿದ್ರೆ ಕಣ್ಣು ಮುಚ್ಚಿದ್ರು ಅಂತಲೇ ಲೆಕ್ಕ. ಮದುವೆ ಫೋಟೋದಲ್ಲೂ ಮುಚ್ಚಿದಾರೆ. ನರ್ಸು ಕಸೊಂಡೆನ ಕೈಗೆ ಕೊಟ್ಟಾಗ್ಲೂ ಮುಚ್ಚಿದ್ರು, ಕೆಡವಿಬಿಡ್ತೀನೇನೋ ಅಂತ." ಆಕೆ ಜೆರೆಯನ್ನು ಮೇಲಿಂದ ಕೆಳಗೆ ನೋಡಿದಳು. "ಆದ್ರೆ ಜೆರೆಣ್ಣ, ನಿಂಗೂ ಗೊತ್ತಿತ್ತಾ?"

"ಗೊತ್ತಿತ್ತು."

"ಏಳು ಸಲಾನೂ?"

"ಏಳು ಸಲಾನೂ."

"ಕಣ್ಣು ಮುಚ್ಚಿದೋರ ಮುಂದೆ ಒಂದು ಗೋಲು ಹೊಡೆಯಕ್ಕಾಗ್ಲಿಲ್ವ ನಿನ್ ಕೈಲಿ?"

ಮೊದಲು ನಕ್ಕವಳು ಆಕೆಯೇ. ಚಿಷಿಂಬನ ಅಕ್ಕ ತಡೆದು ತಡೆದು ಸೋತಳು. ಆಮೇಲೆ ಮನೆಯೇ ನಕ್ಕಿತು. ಅಂಗಳದವರಿಗೆ ಸುದ್ದಿ ಮುಟ್ಟಿ ಅಲ್ಲಿಯೂ ಗದ್ದಲವೆದ್ದಿತು. ನಗುತ್ತ ನಗುತ್ತಲೇ ಆಕೆಗೆ ಅಳುವೂ ಬಂತು. ಅತ್ತು ಮುಗಿಸಿ, ಮಗಳು ತಂದಿಟ್ಟ ಮೆಕ್ಕೆಜೋಳದ ಮುದ್ದೆಯನ್ನು ಸೊಪ್ಪಿನ ಪಲ್ಯದ ಜೊತೆ ಮೂರು ತುತ್ತು ಉಂಡಳು. ಜೆರೆಗೆ ಜೀವ ಬಂದ ಹಾಗಾಯಿತು.

ಗುಂಡಿಯ ಹತ್ತಿರ ಆಕೆ ಬೀಳಲಿಲ್ಲ. ನೆಟ್ಟಗೆ ನಿಂತಿದ್ದಳು. ಪೆಟ್ಟಿಗೆ ಇಳಿಸಿದರು. ಪಾದ್ರಿ ಪ್ರಾರ್ಥನೆ ಮುಗಿಸಿದರು. ಮೊದಲು ಹೆಂಡತಿ, ಆಮೇಲೆ ಮಗಳು, ತಮ್ಮ, ಅಕ್ಕ ಒಂದೊಂದು ಹಿಡಿ ಕೆಂಪು ಮಣ್ಣು ಹಾಕಿದರು. ಜೆರೆಯ ಸರದಿ ಬಂತು. ಬಗ್ಗಿ ಒಂದು ಹೆಂಟೆ ಎತ್ತಿಕೊಂಡ. ಕಣ್ಣು ತುಂಬಿ ಬಂದು ಗುಂಡಿ ಎಲ್ಲಿದೆಯೆಂದೇ ಕಾಣದಾಯಿತು.

"ನೋಡಿ ಹೊಡಿ ಜೆರೆಣ್ಣ," ಎಂದಳು ಆಕೆ ಪಕ್ಕದಿಂದ ಮೆಲ್ಲಗೆ. "ಈ ಸಲನಾದ್ರೂ ಒಳಗೆ ಬೀಳಲಿ."

ಜೆರೆ ಎಸೆದ. ಹೆಂಟೆ ಗುಂಡಿಯ ಅಂಚಿಗಿಟ್ಟ ಹಲಗೆಗೆ ಬಡಿದು, ಚಿಮ್ಮಿ, ಹುಲ್ಲಿನಲ್ಲಿ ಉರುಳಿ ಪಾದ್ರಿಯ ಬೂಟಿನ ಹತ್ತಿರ ಹೋಗಿ ನಿಂತಿತು.