ಹನ್ನೆರಡನೆಯ ಬಿಲ್ಲೆ

ನಮ್ಮ ರಾಷ್ಟ್ರೀಯ ಹಬ್ಬವಾದ ಮೇ ಹದಿನೇಳರ ಬೆಳಿಗ್ಗೆ ಅಮ್ಮ ಹಬ್ಬದ ಉಡುಪು ಉಟ್ಟು ಅಡುಗೆಮನೆಗೆ ಬಂದಾಗ ಅವಳ ಎದೆಯ ಮೇಲೆ, ಅಂಗಿಯ ಅಂಚುಗಳನ್ನು ಕೂಡಿಸಿ ಹಿಡಿಯುವ ಬೆಳ್ಳಿ ಬ್ರೋಚ್ ಇತ್ತು. ಕಳೆದ ಶರತ್ಕಾಲದಿಂದ ನಾನು ಮನೆಯೆಲ್ಲ ಜಾಲಾಡಿದ ಬ್ರೋಚ್!

"ಎಲ್ಲಿತ್ತಮ್ಮ ಇದು?"

"ಹೊಲಿಗೆ ಡ್ರಾಯರಲ್ಲಿ. ನೀನು ಸರಿಯಾಗಿ ನೋಡಿಲ್ಲ."

ಆ ಡ್ರಾಯರನ್ನು ನಾನು ಮೂರು ಸಲ ಮಗುಚಿ ಹಾಕಿದ್ದೆ. ಹತ್ತಿರ ಹೋದರೆ ಅಮ್ಮ ಅಂಗೈಯಿಂದ ಬ್ರೋಚ್ ಮುಚ್ಚಿಕೊಂಡಳು. "ಮುಟ್ಬೇಡ, ನೆಟ್ಟಗೇ ಇದೆ."

ಅಂಚಿನಲ್ಲಿ ಹನ್ನೆರಡು ಬಿಲ್ಲೆ ತೂಗಬೇಕಾದ ಬ್ರೋಚ್ ಅದು. ಒಂದನ್ನು ನಾನು ಆರು ವರ್ಷದವಳಿದ್ದಾಗ ಎಳೆದು ಕಿತ್ತು, ಹಬ್ಬದ ಮೆರವಣಿಗೆಯ ನಡುವೆಯೇ ಏಟು ತಿಂದಿದ್ದೆ. ಅಮ್ಮ ಆ ಜಾಗವನ್ನು ಹಾಗೆಯೇ ಖಾಲಿ ಬಿಟ್ಟಿದ್ದಳು. ಅದೇ ಅಚ್ಚಿನ ಇನ್ನೊಂದು ಬ್ರೋಚನ್ನು ತಂಗಿ ಸುನ್ನಿವಾಳಿಗೆ ಮಾಡಿಸಿಕೊಟ್ಟಿದ್ದಳು.

ಸುನ್ನಿವಾ ಇರುವುದು ಸ್ಪೇನಿನಲ್ಲಿ. ಶರತ್ಕಾಲದಲ್ಲಿ ಬಂದು ವಾರವಿದ್ದು ಹೋದಳು, ಆ ವಾರವೇ ಬ್ರೋಚ್ ಮಾಯ. ತನ್ನದೊಂದು ಇದ್ದರೂ ಸಾಲದಾಯಿತೇ? ಅವಳನ್ನು ನಾನು ಕೇಳಲಿಲ್ಲ. ಈಸ್ಟರ್ ರಜೆಯಲ್ಲಿ ಅಮ್ಮನನ್ನೇ ಹಿಡಿದುಕೊಂಡೆ. "ಮೇ ಹದಿನೇಳನೇ ತಾರೀಖಿನೊಳಗೆ ಬ್ರೋಚ್ ಎಲ್ಲಿ ಹೋಯ್ತು ಅಂತ ನೆನಪು ಮಾಡ್ಕೊ. ಇಲ್ಲಾಂದ್ರೆ ಮರೆವು ಜಾಸ್ತಿಯಾಗಿದೆ ಅಂತ ಪುರಸಭೆಯ ವೃದ್ಧರ ಆರೈಕೆ ಮನೆಗೆ ನಿನ್ನನ್ನ ಸೇರಿಸೋಕೆ ಅರ್ಜಿ ಹಾಕ್ತೀನಿ." ಅರ್ಜಿ ತುಂಬಿಯೂ ಇಟ್ಟಿದ್ದೆ. ಎರಡು ಸಲ ಒಲೆ ಆರಿಸುವುದನ್ನು ಮರೆತಿದ್ದಳು, ನಿಜ. ಆದರೆ ನನಗೆ ಬೇಕಾಗಿದ್ದದ್ದು ಅವಳ ಬಾಯಿಂದ ಸುನ್ನಿವಾಳ ಹೆಸರು. ಅಮ್ಮ ಬಾಯಿ ಬಿಡಲಿಲ್ಲ. ಹೋದ ವಾರ ಸ್ಪೇನಿನಿಂದ ಪುಟ್ಟ ಪೊಟ್ಟಣವೊಂದು ಬಂತು. ಬಾದಾಮಿ ಅಂದಳು ಅಮ್ಮ. ಒಂದು ಬಾದಾಮಿಯೂ ನನ್ನ ಕಣ್ಣಿಗೆ ಬೀಳಲಿಲ್ಲ.

ಕದ್ದವಳು ಹೆದರಿ ವಾಪಸ್ ಕಳಿಸಿದ್ದಾಳೆ, ಮತ್ತಿನ್ನೇನು!

ಒಂಬತ್ತಕ್ಕೆ ತಿಂಡಿಗೆ ಕೂತೆವು. ಮೊಟ್ಟೆ, ಹೊಗೆಯಾಡಿಸಿದ ಸಾಲ್ಮನ್ ಮೀನು, ಸ್ಟ್ರಾಬೆರಿ ಕೇಕು. ಕೇಕಿಗೆ ಒರಗಿಸಿಟ್ಟ ಫೋನಿನಲ್ಲಿ ಸುನ್ನಿವಾ ಕಾಣಿಸಿಕೊಂಡಳು. ಅವಳೂ ಹಬ್ಬದ ಉಡುಪಿನಲ್ಲೇ ಇದ್ದಳು, ಕೈಯಲ್ಲಿ ಐಸ್‌ಕ್ರೀಮು. ಕೊರಳಿಂದ ಎದೆಯವರೆಗೆ ಉಣ್ಣೆಯ ಶಾಲು ಸುತ್ತಿದ್ದಳು.

"ಅಲ್ಲಿ ಎಷ್ಟು ಡಿಗ್ರಿ, ಸುನ್ನಿವಾ?"

"ಇಪ್ಪತ್ತೆಂಟು, ಅಕ್ಕಾ."

"ಮತ್ತೆ ಆ ಶಾಲು?"

"ಗಂಟಲು ನೋವು."

"ಗಂಟಲು ನೋವಿಗೆ ಐಸ್‌ಕ್ರೀಮು ಔಷಧಿನಾ? ತೆಗಿ ಆ ಶಾಲನ್ನ. ಹಬ್ಬದ ಉಡುಪಿನ ಮೇಲೆ ಹಾಗೆಲ್ಲ ಸುತ್ಕೊಳ್ಳೋ ಹಾಗಿಲ್ಲ."

"ಶುರುವಾಯ್ತು ನೋಡಿ ಪೊಲೀಸಮ್ಮನ ತಪಾಸಣೆ," ಎಂದು ನನ್ನ ಗಂಡ ಟೊರ್ಲೈಫ್ ಕಿಸಕ್ಕನೆ ನಕ್ಕ.

"ಕಾಫಿ ಆರ್ತಿದೆ, ಫೋನ್ ಇಟ್ಬಿಡು," ಎಂದಳು ಅಮ್ಮ. ಬ್ರೋಚ್ ಮೇಲಿನ ಕೈ ಅಲ್ಲೇ ಇತ್ತು.

ಇವರಿಬ್ಬರೂ ಸೇರಿ ನನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ ಅನಿಸಿತು. ಬ್ರೋಚ್ ಬಂತು ಸರಿ, ಶಾಲಿನ ಕೆಳಗೆ ಇನ್ನೇನು ಅಡಗಿದೆ? ಅಮ್ಮನ ಬೆಳ್ಳಿ ಸರ ನೋಡಿ ಎಷ್ಟು ದಿನವಾಯಿತು? ನನ್ನ ಮೈ ಉರಿಯುತ್ತಿತ್ತು.

ಅಷ್ಟರಲ್ಲಿ ಶಾಲೆಯ ವಾದ್ಯದವರು ನಮ್ಮ ಬೀದಿಗೆ ಬಂದರು. ಕಿಟಕಿ ತೆರೆದು ಎಲ್ಲರೂ ಎದ್ದು ನಿಂತೆವು. ಮಕ್ಕಳು ಕೂಗಿದರೆ ನಾವೂ ಕೂಗಲೇಬೇಕು, ಬಾವುಟ ಮೇಲೆತ್ತಿ, ಮೂರು ಸಲ. ಹುರ್ರಾ! ಚಿಕ್ಕಂದಿನಿಂದ ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದ ಸುನ್ನಿವಾ ಅಲ್ಲಿಂದಲೇ ಎರಡೂ ಕೈ ಎತ್ತಿ ಕೂಗಿದಳು. ಶಾಲು ಜಾರಿ ಬಿತ್ತು.

ಕೆಳಗೆ ಬೆಳ್ಳಿಯೇ ಇರಲಿಲ್ಲ. ಅಂಗಿಯ ಅಂಚುಗಳನ್ನು ಒಂದು ಸೇಫ್ಟಿ ಪಿನ್ನು ಹಿಡಿದುಕೊಂಡಿತ್ತು.

ನಾನು ಅಮ್ಮನ ಕಡೆ ತಿರುಗಿದೆ. ಅವಳೂ ಬಾವುಟ ಎತ್ತಿದ್ದಳು, ಬ್ರೋಚ್ ಪೂರ್ತಿ ಕಾಣುತ್ತಿತ್ತು. ಬಿಲ್ಲೆಗಳನ್ನು ಎಣಿಸಿದೆ, ಖಾಲಿ ಜಾಗವೇ ಇರಲಿಲ್ಲ. ಹನ್ನೆರಡು.

ಅಮ್ಮ ತನ್ನದನ್ನು ನಿಜವಾಗಿಯೂ ಎಲ್ಲೋ ಕಳೆದುಕೊಂಡಿದ್ದಳು. ಎಂಟು ತಿಂಗಳಿಂದ ನಾನು ಮನಸ್ಸಿನಲ್ಲೇ ಕಳ್ಳಿ ಎಂದು ಬೈದವಳು ತನ್ನ ಮೈಮೇಲಿನ ಬೆಳ್ಳಿಯನ್ನೇ ಕಳಚಿ ಕಳಿಸಿದ್ದಳು, ಅಮ್ಮನನ್ನು ನನ್ನ ಅರ್ಜಿಯಿಂದ ಉಳಿಸಲು.

ಸುನ್ನಿವಾ ಶಾಲನ್ನು ಎತ್ತಿಕೊಳ್ಳಲಿಲ್ಲ. ಅಮ್ಮ ಕೈ ಇಳಿಸಿದಳು. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ಹೆದರಿದ್ದರು. 

"ನೆಟ್ಟಗಿದೆ ಅಲ್ವೇನೇ?" ಎಂದಳು ಅಮ್ಮ, ಸಣ್ಣ ದನಿಯಲ್ಲಿ.

"ಒಂಚೂರು ವಾಲಿದೆ, ಇರು," ಎಂದು ಬ್ರೋಚ್ ಸರಿಪಡಿಸಿದೆ. ಈ ಸಲ ಅವಳು ಕೈ ಅಡ್ಡ ತರಲಿಲ್ಲ. ನನ್ನ ಬೆರಳ ಕೆಳಗೆ ಅವಳ ಎದೆ ಡವಡವ ಎನ್ನುತ್ತಿತ್ತು.

"ಡ್ರಾಯರಲ್ಲೇ ಇತ್ತು ಬಿಡಮ್ಮ," ಎಂದೆ. "ನಾನೇ ಸರಿಯಾಗಿ ನೋಡಿಲ್ಲ."