ತಣ್ಣನೆಯ ಹೊಗೆ

ಬೆಂಕಿಗೂ ಬೆಣ್ಣೆಗೂ ಗೆಳೆತನ ಮಾಡುವ ಆಸೆ ಹುಟ್ಟಿದ ಕಾಲವೊಂದಿತ್ತಂತೆ. ಬೆಂಕಿ ಹತ್ತಿರ ಬಂದರೆ ಬೆಣ್ಣೆ ನೀರಾಗುತ್ತಿತ್ತು, ದೂರ ಸರಿದರೆ ಎರಡಕ್ಕೂ ಬೇಸರ. ಆಮೇಲೇನಾಯಿತೋ ಹಾಲಿನಂಗಡಿಯವನ ತಂಗಿಗೆ ಗೊತ್ತಿರಲಿಲ್ಲ. ಅಜ್ಜಿ ಆ ಭಾಗಕ್ಕೆ ಬರುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿರುತ್ತಿತ್ತು. ಈಗ ಅಜ್ಜಿ ಇಲ್ಲ. ಉಳಿದವರು ಅಣ್ಣ, ಅತ್ತಿಗೆ. ಇಬ್ಬರೂ ಕತೆ ಹೇಳುವವರಲ್ಲ, ಚುಚ್ಚುವವರು.

ಅಂಗಡಿಯ ಹಿಂದಿನ ಶೆಡ್ಡನ್ನು ಅಣ್ಣ ಸ್ಕೂಟರ್ ರಿಪೇರಿಯವನಿಗೆ ಕೊಡಲು ಹೊರಟಿದ್ದ. ಅಲ್ಲಿ ಚೀಸಿಗೆ ಹೊಗೆಯ ರುಚಿ ಹಿಡಿಸಿ ಮಾರುತ್ತೇನೆಂದು ತಂಗಿ ಪಟ್ಟು ಹಿಡಿದಳು.

"ಕನಸು ಕಾಣೋಕೆ ಶೆಡ್ ಯಾಕಮ್ಮಾ, ಚಾಪೆ ಸಾಕು," ಅಂದ ಅಣ್ಣ.

"ಮಾಡಿ ತೋರಿಸ್ತೀನಿ, ನೋಡ್ತಿರು."

ಅಣ್ಣ ಒಂದು ಉಂಡೆ ಬೆಣ್ಣೆ ತಂದು ಅದರ ನೆತ್ತಿಗೆ ಹೆಬ್ಬೆಟ್ಟು ಒತ್ತಿದ. "ಚೀಸ್ ಆಮೇಲೆ. ಮೊದಲು ಶನಿವಾರದೊಳಗೆ ಇದಕ್ಕೆ ಕರಗದ ಹಾಗೆ ಹೊಗೆ ಹಿಡೀಬೇಕು. ನನ್ನ ಹೆಬ್ಬೆಟ್ಟಿನ ಗುರುತು ಅಳಿಸಿದ್ರೆ ಶೆಡ್ ಆ ಸ್ಕೂಟರಿನವನದು. ಆಮೇಲೆ ಮೂಗು ಒರೆಸ್ಕೊಂಡು ನನ್ನ ಮುಂದೆ ಬರಬೇಡ."

ಶೆಡ್ಡಿನಲ್ಲಿ ತುಕ್ಕು ಹಿಡಿದ ಬೀರುವೊಂದಿತ್ತು. ತಂಗಿ ಅದರ ನೆತ್ತಿಗೆ ತೂತು ಕೊರೆದು, ಒಳಗೆ ಜಾಲರಿ ಕಟ್ಟಿ, ಬೆಣ್ಣೆ ಇಟ್ಟಳು. ಪಕ್ಕದಲ್ಲೇ ಎಣ್ಣೆ ಡಬ್ಬದಲ್ಲಿ ಮರದ ಹೊಟ್ಟು ತುಂಬಿ ಕೆಂಡ ಹಾಕಿ, ಗೇಣುದ್ದದ ಕೊಳವೆಯಿಂದ ಬೀರುವಿಗೆ ಹೊಗೆ ಬಿಟ್ಟಳು. ಮಧ್ಯಾಹ್ನಕ್ಕೆ ಬೆಣ್ಣೆ ಬಾಗಿಲ ಸಂದಿಯಿಂದ ಹರಿದು ಅಂಗಳಕ್ಕೆ ಬಂತು.

"ಅಯ್ಯೋ, ಬಾಗಿಲ ಕೀಲಿಗೆ ಎಣ್ಣೆ ಬಿಡ್ತಿದ್ದೀಯಾ? ಕೇಳಿದ್ರೆ ನಾನೇ ಕೊಡ್ತಿದ್ನಲ್ಲೇ!" ಅತ್ತಿಗೆ ನಕ್ಕಳು.

"ಶನಿವಾರ ಇನ್ನೂ ಬಂದಿಲ್ಲ, ಇದನ್ನೂ ಕರಗಿಸು," ಎಂದು ಅಣ್ಣ ಇನ್ನೊಂದು ಉಂಡೆಗೆ ಹೆಬ್ಬೆಟ್ಟು ಒತ್ತಿಕೊಟ್ಟ. ಅಷ್ಟಕ್ಕೇ ಬಿಡಲಿಲ್ಲ. ಹೊಗೆ ತನ್ನ ಕಿಟಕಿಗೆ ಬರುತ್ತದೆಂದು ಡಬ್ಬವನ್ನೆತ್ತಿ, ಹಾಲಿನ ಕ್ಯಾನ್ ತೊಳೆಯುವ ಕಟ್ಟೆಯಾಚೆ, ಅಂಗಳದ ತಗ್ಗು ಮೂಲೆಗೆ ಒಗೆದ. "ಅಲ್ಲಿಂದ ನಿನ್ನ ಹೊಗೇನ ಸೊಂಟದ ಮೇಲೆ ಕೂರಿಸ್ಕೊಂಡು ಬಾ!"

ತಂಗಿ ಹಲ್ಲು ಕಚ್ಚಿ, ಮಳೆನೀರಿನ ಹಳೆಯ ತಗಡು ಪೈಪುಗಳನ್ನು ಜೋಡಿಸಿ, ಸಂದುಗಳಿಗೆ ಜೇಡಿಮಣ್ಣು ಮೆತ್ತಿ, ಡಬ್ಬದಿಂದ ಕಟ್ಟೆಯ ಪಕ್ಕದಲ್ಲೇ ಗೋಡೆಯುದ್ದಕ್ಕೂ ಶೆಡ್ಡಿನ ಬೀರುವಿನ ತನಕ ತಂದಳು. ಮಣ್ಣಿನ ಜೊತೆ ಅಣ್ಣನಿಗೆ ಬೈಗುಳವನ್ನೂ ಸೇರಿಸಿಯೇ ಮೆತ್ತಿದಳು. ಹೊಸ ಉಂಡೆಯನ್ನು ಬೀರುವಿನಲ್ಲಿಟ್ಟು, ಡಬ್ಬಕ್ಕೆ ಮತ್ತೆ ಕೆಂಡ ಹಾಕಿದಳು.

ಮರುದಿನ ಕ್ಯಾನ್ ತೊಳೆಯುತ್ತಿದ್ದ ಅತ್ತಿಗೆ ಬಕೆಟ್ ನೀರನ್ನು ಬೇಕೆಂದೇ ಪೈಪಿನ ಮೇಲೆ ಸುರಿದಳು. "ಓ, ಕಾಣಲೇ ಇಲ್ಲ ಕಣೇ."

ತಂಗಿಗೆ ಮೈಯೆಲ್ಲ ಉರಿಯಿತು. ಜಗಳಕ್ಕೆಂದೇ ಓಡಿಬಂದವಳು ಪೈಪಿನ ಮೇಲೆ ಕೈಯೂರಿದಳು. ಡಬ್ಬದ ಕಡೆ ಮುಟ್ಟಲಾಗದಷ್ಟು ಬಿಸಿ. ನೀರು ಬಿದ್ದ ಕಟ್ಟೆ ದಾಟಿದ ಮೇಲೆ ನೀರಿನ ಹೂಜಿಯಷ್ಟು ತಂಪು. ಬೀರು ತೆರೆದಳು. ತೆಳ್ಳಗಿನ ಹೊಗೆ ಕೆನ್ನೆಗೆ ತಣ್ಣಗೆ ತಾಗಿತು. ಬೆಣ್ಣೆ ಕೂತಲ್ಲೇ ಕೂತಿತ್ತು, ಹೆಬ್ಬೆಟ್ಟಿನ ಗುರುತು ಹಾಗೆಯೇ ಇತ್ತು.

ಬಾಯಿಗೆ ಬಂದ ಜಗಳವನ್ನು ನುಂಗಿ, ಅಳುಮುಖ ಮಾಡಿಕೊಂಡು ಹೊರಬಂದಳು.

"ಅತ್ತಿಗೆ, ದಮ್ಮಯ್ಯ ಅಂತೀನಿ, ಪೈಪ್ ಮೇಲೆ ನೀರು ಹಾಕ್ಬೇಡಿ! ಹೊಗೆ ಸತ್ತೇ ಹೋಗುತ್ತೆ!"

ಅತ್ತಿಗೆಯ ಮುಖ ಅರಳಿತು. ಆ ದಿನ ತೊಳೆದ ಕ್ಯಾನುಗಳನ್ನೇ ಮತ್ತೆ ಮತ್ತೆ ತೊಳೆದಳು. ಸಂಜೆ ಅಣ್ಣನೂ ಒಂದು ಬಕೆಟ್ ಹಿಡಿದು ಬಂದ. ಬಿಸಿಲೇರಿದಾಗಲೆಲ್ಲ ತಂಗಿ ಬಂದು ಗೋಗರೆದು ಹೋಗುತ್ತಿದ್ದಳು, ಹಿಂದೆಯೇ ನೀರು ಬೀಳುತ್ತಿತ್ತು.

ಶನಿವಾರ ಬೀರು ತೆರೆದವನು ಅಣ್ಣನೇ. ಕೆಮ್ಮುತ್ತಾ ಬೆಣ್ಣೆಯನ್ನು ಹೊರತೆಗೆದ. ಒಣಹುಲ್ಲಿನ ಬಣ್ಣ ಬಂದಿತ್ತು. ನೆತ್ತಿಯ ಕುಳಿಗೆ ಹೆಬ್ಬೆಟ್ಟು ಇಟ್ಟ. ಕೂತಿತು. ಚೂರು ಕೆರೆದು ಬಾಯಿಗೆ ಹಾಕಿಕೊಂಡ. ಉಗುಳಲು ಒಂದು ಕಾರಣ ಹುಡುಕಿದ, ಸಿಗದೆ ನುಂಗಿದ.

"ಉಪ್ಪಿಲ್ಲ," ಅಂದು ಶೆಡ್ಡಿನ ಬೀಗದ ಕೈಯನ್ನು ನೆಲಕ್ಕೆಸೆದ.

ತಂಗಿ ಬಗ್ಗಿ ಎತ್ತಿಕೊಂಡಳು. ಬಾಗಿಲಲ್ಲಿ ಅತ್ತಿಗೆ ತುಂಬಿದ ಬಕೆಟ್ ಹಿಡಿದು ನಿಂತಿದ್ದಳು.

"ಸೋಮವಾರ ಚೀಸ್ ಇಡ್ತೀನಿ ಅತ್ತಿಗೆ. ನೀರು ಮಾತ್ರ ಹಾಕ್ಬೇಡಿ."